ಕಪ್ಪು ವೈನಿನ ಜೊತೆ ಮೀನು

ಸರಸ್ವತಿಪುರಂ, ಮೈಸೂರು
24 ಜುಲೈ 1990

ಪ್ರೀತಿಯ ಮೊಲ್ಲಿ,

ಅಂತೂ ಊರು ಸೇರಿದೆವು. ಬೊಂಬಾಯಿಯ ಕಸ್ಟಮ್ಸ್‌ನವನು ನೀನು ಕಟ್ಟಿಕೊಟ್ಟ ಖರ್ಜೂರದ ಪೊಟ್ಟಣವನ್ನೂ ಬಿಡಿಸಿ ಮೂಸಿ ನೋಡಿದ. ಏನೂ ಸಿಗದೆ ಮುಖ ಇಷ್ಟು ಸಣ್ಣದು ಮಾಡಿಕೊಂಡ. ನಿಧಿಗೆ ದಿನವಿಡೀ ಅಜ್ಜಿಯ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುವುದೇ ಕೆಲಸ. ಅಜ್ಜಿಗೆ ಅರ್ಥವಾಗುವುದಿಲ್ಲ, ಇವಳಿಗೆ ಅದಕ್ಕೇ ಸಿಟ್ಟು. ನಮ್ಮ ಯಜಮಾನರು ಮಾತ್ರ ಲಕ್ಷ್ಮೀನರಸಿಂಹ ಎಂಬ ಹೆಸರಿಗೆ ತಕ್ಕಂತೆ ಊರಿನ ಕರೆಂಟಿನವರ ಮೇಲೆ ಗರ್ಜಿಸುತ್ತಿದ್ದಾರೆ. ಆಗಸ್ಟ್ ಇಪ್ಪತ್ತಕ್ಕೆ ಬ್ಯಾಂಕಿಗೆ ಹಾಜರಾಗಬೇಕು, ಅಷ್ಟರೊಳಗೆ ನಾವೂ ಕುವೈತಿಗೆ ವಾಪಸು.

ನಮ್ಮ ಮಹಡಿ ಮನೆಯ ಕೀ ನಿನ್ನ ಹತ್ತಿರ ಇದೆಯಲ್ಲ, ಅದೇ ನನಗೆ ನಿಶ್ಚಿಂತೆ. ಅಡುಗೆಮನೆಯಲ್ಲಿ ಹುಣಸೆಹಣ್ಣು, ತುಪ್ಪ, ಕೊಬ್ಬರಿ ಎಲ್ಲ ಇವೆ. ಬೇಕಾದದ್ದು ತೆಗೆದುಕೋ. ಅತ್ತೆಯ ತಾಮ್ರದ ಪಾತ್ರೆಯಲ್ಲಿ ಮಾತ್ರ ಮೀನು ಮಾಡಬೇಡ, ನಿನ್ನ ದಮ್ಮಯ್ಯ.

ನಿನ್ನ ಯಜಮಾನಿ ಮದಾಂ ಒದಿಲ್ ಈ ಬೇಸಿಗೆಯಲ್ಲೂ ಫ್ರಾನ್ಸಿಗೆ ಹೋಗುವುದಿಲ್ಲವಂತೆ ತಾನೆ? ಎಪ್ಪತ್ತೊಂದನೇ ವಯಸ್ಸಿನಲ್ಲಿ, ಆ ಮಂಡಿನೋವು ಇಟ್ಟುಕೊಂಡು, ಈ ಬೆಂಕಿಯಲ್ಲಿ ಕೂತಿರಲು ಅವರಿಗೇನು ಹಠವೋ. ಅವತ್ತು ಅವರ ಮೇಜಿನಲ್ಲಿ ನೀನು ನನಗೆ ಮಾಡಿದ ಪಾಠವನ್ನು ಇಲ್ಲಿ ನಾದಿನಿಯರಿಗೆ ಹೇಳಿ ನಗಿಸಿದೆ. ಕಾವೋರ್ ಅಂತೆ ಅವರ ಊರು, ಅಲ್ಲಿನ ವೈನು ಕಪ್ಪಂತೆ, ದೀಪಕ್ಕೆ ಹಿಡಿದರೂ ಬೆಳಕು ದಾಟುವುದಿಲ್ಲವಂತೆ. ಅದಕ್ಕೆ ಬಾತುಕೋಳಿ, ಕುರಿಯ ಭುಜ, ಕೊಬ್ಬಿನಲ್ಲಿ ಬೆಂದ ಬಿಳಿ ಬೀನ್ಸ್ ಕಾಳು, ಮೇಕೆಹಾಲಿನ ಚೀಸು, ಆಕ್ರೋಟು. ಜಾತಕ ಕೂಡಿಸುವ ನಮ್ಮ ಜೋಯಿಸರೂ ಇಷ್ಟು ನೇಮ ಹೇಳುವುದಿಲ್ಲ ಕಣೇ. ಕುಡಿಯುವುದೇ ಕಾನೂನುಬಾಹಿರವಾದ ದೇಶದಲ್ಲಿ ನಿಮ್ಮಿಬ್ಬರದು ಇಷ್ಟು ಮಡಿ!

ಬರೆ.
ನಿನ್ನ ವೇದಾ


ರುಮೈಥಿಯಾ, ಕುವೈತ್
19 ಆಗಸ್ಟ್ 1990

ವೇದಾ,

ನಿನ್ನ ಕಾಗದ ಒಂದನೇ ತಾರೀಕಿಗೆ ಸಿಕ್ಕಿತು. ಮರುದಿನ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ಈಗ ಅಂಚೆ ಇಲ್ಲ, ಫೋನಿಲ್ಲ, ನಿಮ್ಮ ಬ್ಯಾಂಕಿಗೆ ಬಾಗಿಲಿಲ್ಲ. ಇದನ್ನು ನಿಮ್ಮವರ ಆಫೀಸಿನ ರಾಜಗೋಪಾಲರ ಕೈಯಲ್ಲಿ ಕೊಡುತ್ತಿದ್ದೇನೆ. ಅವರು ಬಸ್ಸಿನಲ್ಲಿ ಬಾಗ್ದಾದ್ ಮೇಲೆ ಜೋರ್ಡಾನಿಗೆ ಹೋಗುವವರು. ದಾರಿಯಲ್ಲಿ ಎಷ್ಟು ಚೆಕ್‌ಪೋಸ್ಟ್ ಬೇಕಾದರೂ ಇರಲಿ, ಕನ್ನಡ ಓದುವ ಇರಾಕಿ ಸೈನಿಕ ಇನ್ನೂ ಹುಟ್ಟಿಲ್ಲ. ಹಾಗಾಗಿ ಎಲ್ಲ ಬಿಡಿಸಿ ಬರೆಯುತ್ತೇನೆ.

ಮದಾಂ ನಮ್ಮ ಸಿರ್ದಾಬಿನಲ್ಲಿ ಇದ್ದಾರೆ. ನೀನು ನೋಡಿದ್ದೀಯಲ್ಲ, ಅಡುಗೆಮನೆಯ ಪಕ್ಕದ ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆ. ಅಲ್ಲಿ ವೈನು ಇಡುವ ದೊಡ್ಡ ಮರದ ಕಪಾಟು ಉಂಟು, ಅದರ ಹಿಂದೆ ಹಳೆಯ ನೀರಿನ ಟ್ಯಾಂಕಿನ ಕೋಣೆ. ಒಂದು ಹಾಸಿಗೆ, ಒಂದು ಬಕೆಟು, ಒಂದು ಜಪಸರ. ಫ್ರೆಂಚರು, ಬ್ರಿಟಿಷರು, ಅಮೆರಿಕದವರು ಯಾರೇ ಸಿಕ್ಕಿದರೂ ಹಿಡಿದು ಬಾಗ್ದಾದಿಗೆ ಒಯ್ಯುತ್ತಿದ್ದಾರೆ. ಬಾಂಬು ಬೀಳಬಹುದಾದ ಕಾರ್ಖಾನೆಗಳಲ್ಲಿ ಕೂರಿಸಲಿಕ್ಕಂತೆ. ಆ ಮಂಡಿ, ಆ ಹೃದಯ ಇಟ್ಟುಕೊಂಡು ಅವರು ಅಲ್ಲಿ ಒಂದು ವಾರವೂ ಬದುಕಲಿಕ್ಕಿಲ್ಲ. ಕೊಡುವುದಿಲ್ಲ ಎಂದು ನಾನು ನಿಶ್ಚಯ ಮಾಡಿದ್ದೇನೆ. ಹನ್ನೊಂದು ವರ್ಷ ಅವರ ಮನೆಯಲ್ಲಿ ಅಡುಗೆ ಮಾಡಿದ್ದೇನೆ, ವೇದಾ. ಒಂದು ದಿನ ನನ್ನನ್ನು ಹೆಸರು ಬಿಟ್ಟು ಕರೆದವರಲ್ಲ.

ಈಗ ಕಷ್ಟ ಕೇಳು. ಮೊನ್ನೆ ಒಬ್ಬ ಮೇಜರ್ ಇಬ್ಬರು ಅಧಿಕಾರಿಗಳನ್ನು ಕಟ್ಟಿಕೊಂಡು ಬಂದು ಮನೆಯನ್ನೇ ಹಿಡಿದುಕೊಂಡ. ಮದಾಂ ಜುಲೈಯಲ್ಲೇ ರಜೆಗೆ ಹೋದರು ಎಂದೆ. ನಿನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರಿಂದ ಸುಳ್ಳು ಚೆನ್ನಾಗಿಯೇ ಬಂತು. ನಾನು ಭಾರತದವಳೆಂದು ತಿಳಿದು, "ಹಿಂದಿಯಾ? ಗುಡ್. ಯಲ್ಲಾ, ಕುಕ್," ಎಂದ. ಭಾರತದವರ ಮೇಲೆ ಅವರಿಗೆ ದ್ವೇಷ ಇಲ್ಲ, ಅಷ್ಟೇ ನಮ್ಮ ಪುಣ್ಯ. ಊಟದ ಕೋಣೆಯ ಬೀರು ತೆಗೆದು ನೋಡಿದರೆ ಅಲ್ಲಿ ಕಾವೋರಿನ ಐದಾರು ಬಾಟಲಿ. ಅವನ ಕಣ್ಣು ಅರಳಿತು. "ಇನ್ನೂ ಇದೆಯಾ?" ಎಂದು ಕೇಳಿದ.

ಇನ್ನೂ ಉಂಟು. ನೂರಕ್ಕೆ ಮೇಲೆ ಉಂಟು, ಆ ಕಪಾಟಿನಲ್ಲೇ. ಈ ವೈನು ಅವನ ಬಾಯಿಗೆ ಹಿಡಿಸಿದರೆ ಮುಗಿಯಿತು, ಬೀರು ಖಾಲಿಯಾದ ದಿನ ನೆಲಮಾಳಿಗೆಗೆ ಇಳಿಯುತ್ತಾನೆ. ಬಾಟಲಿ ಒಂದೊಂದೇ ತೆಗೆಯುತ್ತಾ ಹೋದರೆ ಹಿಂದಿನ ಗೋಡೆ ಕಾಣುತ್ತದೆ, ಬಾಗಿಲು ಕಾಣುತ್ತದೆ.

ಆಗ ನನಗೆ ಮದಾಂ ಹೇಳಿದ್ದು ನೆನಪಾಯಿತು. ಈ ವೈನು ನಮ್ಮ ಗೇರುಹಣ್ಣಿನ ಹಾಗೆ ನಾಲಿಗೆ ಹಿಡಿಯುವಂಥದ್ದು, ಕೊಬ್ಬು ಸಿಕ್ಕಿದರೆ ಮಾತ್ರ ಬಿಟ್ಟುಕೊಡುತ್ತದೆ. ಇದಕ್ಕೆ ಮೀನು ತೋರಿಸಲೂ ಬಾರದು, ಖಾರ ಮುಟ್ಟಿಸಲೂ ಬಾರದು ಎಂದು ಅವರ ಕಟ್ಟಪ್ಪಣೆ. ಸರಿ, ಊರಿನಿಂದ ತಂದ ಒಣ ಬಂಗುಡೆ ಮೀನು ಡಬ್ಬದಲ್ಲಿತ್ತು. ನಿನ್ನ ಹುಣಸೆ, ನನ್ನ ಮೆಣಸು, ಮೇಲಿಂದ ಎಣ್ಣೆ ತೇಲುವಂತೆ ಒಂದು ಪುಳಿಮುಂಚಿ ಮಾಡಿದೆ. ಮೇಜರ್ ಒಂದು ತುತ್ತು ತಿಂದ, ಬೆವರಿದ, ಅವಸರದಲ್ಲಿ ಒಂದು ದೊಡ್ಡ ಗುಟುಕು ವೈನು ಕುಡಿದ. ಅವನ ಮುಖ ನೀನು ನೋಡಬೇಕಿತ್ತು! ತುಕ್ಕು ಹಿಡಿದ ಮೊಳೆ ಚೀಪಿದವನ ಹಾಗೆ. ಕರವಸ್ತ್ರಕ್ಕೆ ಉಗುಳಿದ. "ಕೆಟ್ಟಿದೆ," ಎಂದ. "ಹೌದು ಸರ್, ಈ ದೇಶದ ಸೆಖೆಗೆ ಕೆಳಗೆ ಇರುವುದೂ ಸೇರಿ ಎಲ್ಲ ಕೆಟ್ಟಿದೆ, ನಾನು ವಿನೆಗರ್ ಮಾಡಲಿಕ್ಕೆ ಇಟ್ಟದ್ದು," ಎಂದೆ.

ಕೆಳಗೆ ಹೋಗಿ ಮದಾಂಗೆ ಹೇಳಿದಾಗ ಅವರು ನಗಲಿಲ್ಲ. ಅವರ ಊರಿನ ವೈನಿಗೆ ನಾನು ಮಾಡಿದ ಅವಮಾನಕ್ಕೆ ಮೊದಲು ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಮೊಲ್ಲಿ, ನಾಳೆ ಇನ್ನೂ ಸ್ವಲ್ಪ ಖಾರ ಹಾಕು," ಎಂದರು.

ಬೀರಿನ ಬಾಟಲಿ ಮುಗಿಯುವವರೆಗೂ ಮೀನಿನ ಜೊತೆಯೇ ಬಡಿಸಿ, ಎಲ್ಲ ಕೆಟ್ಟದ್ದೆಂದು ಅವನಿಗೆ ಖಾತ್ರಿ ಮಾಡುವುದು, ಇದು ನನ್ನ ಯುದ್ಧ ಮಾರಾಯ್ತಿ. ಬೇರೆ ಆಯುಧ ನನ್ನ ಹತ್ತಿರ ಇಲ್ಲ.

ಮೊಲ್ಲಿ


ರುಮೈಥಿಯಾ
27 ಆಗಸ್ಟ್ 1990

ವೇದಾ,

ನರ್ಸ್ ವೈಲೆಟ್ ಈಗಲೇ ಹೊರಡುತ್ತಾಳಂತೆ, ಹೊರಗೆ ಕಾರು ಹಾರ್ನ್ ಮಾಡುತ್ತಿದೆ. ಎರಡೇ ಮಾತು. ನಾನು ಚೆನ್ನಾಗಿದ್ದೇನೆ. ಮೇಜರ್ ಮತ್ತು ಇಬ್ಬರು ಅಧಿಕಾರಿಗಳು ನನ್ನ ಕೈ ಊಟವನ್ನೇ ಉಣ್ಣುವುದು. ಸಬ್ಹಾನಿನ ಗೋದಾಮಿನಿಂದ ಅಕ್ಕಿ, ಬೇಳೆ, ಹಾಲಿನ ಪುಡಿ ಮೂಟೆಯಲ್ಲೇ ತರಿಸಿ ಹಾಕುತ್ತಾರೆ. ಆದ್ದರಿಂದ ನನಗೆ ಹಸಿವು ಎಂಬುದಿಲ್ಲ. ಊಟದ ಜೊತೆ ಮದಾಂನ ವೈನು ಈಗಲೂ ಬಡಿಸುತ್ತಿದ್ದೇನೆ, ನಗಬೇಡ. ನಿನ್ನ ಹುಣಸೆಹಣ್ಣು ಎಲ್ಲ ತಂದಾಯಿತು. ತಾಮ್ರದ ಪಾತ್ರೆಯನ್ನೂ ತಂದೆ, ಇಲ್ಲಿ ದೊಡ್ಡ ಪಾತ್ರೆ ಸಾಲದು. ಕ್ಷಮಿಸು, ಅದರಲ್ಲಿ ಮೀನೇ ಮಾಡಿದ್ದು.

ಎಲ್ಲರೂ ಹೊರಡುತ್ತಿದ್ದಾರೆ. ನಾನು ಹೊರಡುವುದಿಲ್ಲ. ಯಾಕೆಂದು ನಿನಗೆ ಗೊತ್ತಿದೆ.

ಮೊಲ್ಲಿ


ರುಮೈಥಿಯಾ
10 ಸೆಪ್ಟೆಂಬರ್ 1990

ವೇದಾ,

ಇದನ್ನು ಉಮ್ಮರಬ್ಬ ಒಯ್ಯುತ್ತಾನೆ. ಉಳ್ಳಾಲದ ಬ್ಯಾರಿ, ಊರವರನ್ನು ಬಸ್ಸಿನಲ್ಲಿ ಜೋರ್ಡಾನಿನ ಗಡಿಗೆ ಬಿಟ್ಟು ಪುನಃ ಬರುವ ಧೈರ್ಯ ಇರುವವನು ಅವನೊಬ್ಬನೇ. ನೀನು ಬರೆದದ್ದು ಅಮ್ಮಾನಿನ ವರೆಗೆ ಬಂದರೆ ಅವನು ನನಗೆ ತಲುಪಿಸುತ್ತಾನೆ.

ನಿನ್ನೆಯಲ್ಲ ಮೊನ್ನೆ ನಾನು ಮದಾಂನನ್ನು ಕೊಂದೇಬಿಡುತ್ತಿದ್ದೆ. ಹಿಂದಿನ ವಾರ ಗೋಡೆಗಳ ಮೇಲೆ ನೋಟೀಸು ಹಚ್ಚಿದ್ದಾರೆ, ವಿದೇಶಿಯರನ್ನು ಅಡಗಿಸಿಟ್ಟವರಿಗೆ ಗಲ್ಲು ಎಂದು. ಮೇಜರ್ ತಾನೇ ಅದನ್ನು ನನಗೆ ಓದಿ ಹೇಳಿದ್ದ. ಹಾಗಿದ್ದೂ ನಾನು ಮಾಡಿದ ಕೆಲಸ ಕೇಳು.

ಎಂಟನೇ ತಾರೀಕು ನಮಗೆ ಮೊಂತಿ ಹಬ್ಬ. ಮರಿಯ ಮಾತೆಯ ಹುಟ್ಟಿದ ದಿನ, ಹೊಸ ತೆನೆ ಮನೆಗೆ ತರುವ ದಿನ. ಆ ದಿನ ನಮ್ಮ ಯಾವ ಮನೆಯಲ್ಲೂ ಮೀನು ಮಾಂಸ ಒಲೆಗೆ ಹೋಗುವುದಿಲ್ಲ. ನಿಮ್ಮ ಹಾಗೆಯೇ ಬರೀ ತರಕಾರಿ, ಅದೂ ಮೂರೋ ಐದೋ ಏಳೋ, ಬೆಸ ಲೆಕ್ಕದಲ್ಲಿ. ಹುಟ್ಟಿದಾರಭ್ಯ ತಪ್ಪಿಸಿದವಳಲ್ಲ ನಾನು. ತೆನೆ ಎಲ್ಲಿಂದ ತರಲಿ? ಇದ್ದ ಅಕ್ಕಿಗೇ ಶಿಲುಬೆಯ ಗುರುತು ಮಾಡಿ, ನಿನ್ನ ಕೊಬ್ಬರಿ ಅರೆದು, ಸೋರೆಕಾಯಿ, ಬದನೆ, ಕಡಲೆ, ಬಟಾಟೆ, ಬಿಳಿ ಬೀನ್ಸ್ ಕಾಳು ಎಂದು ಐದು ಬಗೆ ಮಾಡಿದೆ. ಹಬ್ಬದ ಅಡುಗೆಗೆ ಮೆಣಸು ಕಡಿಮೆ, ಕೊಬ್ಬರಿ ಹೆಚ್ಚು, ಮೇಲಿಂದ ತುಪ್ಪ. ಕೆಳಗೆ ಮದಾಂಗೆ ಒಂದು ತಟ್ಟೆ ಕೊಟ್ಟು ಬಂದೆ. ಮನಸ್ಸು ಊರಿನಲ್ಲೇ ಇತ್ತು. ಮೇಜಿನ ಮೇಲೆ ಬೀರಿನ ಕೊನೆಯ ಬಾಟಲಿ ಇದೆ ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಮೇಜರ್ ಬೀನ್ಸ್ ಕಾಳು ತಿಂದ, ವೈನು ಕುಡಿದ. ನಿಲ್ಲಿಸಿದ. ಇನ್ನೊಂದು ಗುಟುಕು ಕುಡಿದ. ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದ. ಆಮೇಲೆ ಇಬ್ಬರು ಅಧಿಕಾರಿಗಳಿಗೂ ಹೊಯ್ದು ಕೊಟ್ಟ. ಬಾಟಲಿ ಖಾಲಿಯಾಯಿತು. ಆಗ ನನಗೆ ಎಚ್ಚರವಾಯಿತು, ಕೊಬ್ಬರಿ, ತುಪ್ಪ, ಬೀನ್ಸ್ ಕಾಳು! ಮದಾಂನ ಊರಿನವರು ಕೊಬ್ಬಿನಲ್ಲಿ ಬೀನ್ಸ್ ಕಾಳು ಬೇಯಿಸಿ ಉಣ್ಣುವುದನ್ನೇ ನಾನು ನನ್ನ ಕೈಯಾರೆ ಅವನಿಗೆ ಬಡಿಸಿದ್ದೆ.

"ಇದು ಕೆಟ್ಟಿಲ್ಲ. ಕೆಳಗೆ ಇನ್ನೂ ಇದೆ ಅಂದಿದ್ದೆಯಲ್ಲ, ವಿನೆಗರಿಗೆ," ಎಂದು ಎದ್ದ.

ನಾನು ಓಡಿ ಹೋಗಿ ಸಿರ್ದಾಬಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸ್ವರ ಎಲ್ಲಿಂದ ಬಂತೋ, ನಮ್ಮ ಅಮ್ಮನ ಸ್ವರ. "ಬೂಟು ಹಾಕಿಕೊಂಡು ಇಲ್ಲಿ ಯಾರೂ ಇಳಿಯುವಂತಿಲ್ಲ. ಕೆಳಗೆ ನಾನು ಪ್ರಾರ್ಥನೆ ಮಾಡುವ ಜಾಗ. ಇವತ್ತು ಮರಿಯಂ ಹುಟ್ಟಿದ ದಿನ," ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ, ಮದಾಂ ಮತ್ತು ನಾನು ಅಲ್ಲಿಯೇ ಜಪಸರ ಹೇಳುವುದು. ಅವನು ನನ್ನನ್ನು ತಳ್ಳಬಹುದಿತ್ತು. ತಳ್ಳಲಿಲ್ಲ. "ಸಿತ್ತಿ ಮರಿಯಂ," ಎಂದ, ನಾವು ಮರಿಯ ಮಾತೆ ಎನ್ನುವ ಹಾಗೆ. ಅವನ ತಾಯಿಯೂ ಆಕೆಗೆ ಮೇಣದಬತ್ತಿ ಹಚ್ಚುತ್ತಾಳಂತೆ. "ನೀನೇ ಹೋಗಿ ಒಂದು ತಾ," ಎಂದ.

ಇಳಿದೆ. ಕತ್ತಲಲ್ಲಿ ಮದಾಂ ಎಲ್ಲ ಕೇಳಿಸಿಕೊಂಡು ಕಪಾಟಿನ ಹಿಂದೆ ನಿಂತಿದ್ದರು. ಬಾಟಲಿಗಳ ಕುತ್ತಿಗೆಯ ಮೇಲೆ ಬೆರಳು ಆಡಿಸುತ್ತಾ ಹೋಗಿ, ಬಿರಡೆ ಕುಗ್ಗಿ ಒಳಗೆ ಜಾರಿದ ಒಂದನ್ನು ತೆಗೆದು ನನ್ನ ಕೈಗಿಟ್ಟರು. ಮೇಲೆ ಬಿಚ್ಚಿದರೆ ಅಪ್ಪಟ ಹುಳಿ. ಮೇಜರ್ ಮುಖ ಕಿವುಚಿ ಗ್ಲಾಸು ದೂಡಿದ. ಬದುಕಿದೆವು. ಆದರೆ ಹೋಗುವಾಗ ಒಂದು ಮಾತು ಹೇಳಿದ: "ನೀನು ಮೀನು ಮಾಡದ ದಿನ ಮಾತ್ರ ವೈನು ಚೆನ್ನಾಗಿತ್ತು." ಆ ಮಾತು ನನ್ನನ್ನು ಇವತ್ತೂ ಬಿಟ್ಟಿಲ್ಲ.

ನಿನ್ನೆಯಿಂದ ಪುನಃ ಮೀನು.

ಮೊಲ್ಲಿ


ಮೈಸೂರು
12 ಸೆಪ್ಟೆಂಬರ್ 1990

ಮೊಲ್ಲಿ,

ವೈಲೆಟ್ ತಂದ ನಿನ್ನ ಕಾಗದ ಓದಿದೆ. ಒಂದು ಸಲ ಅಲ್ಲ, ನಾಲ್ಕು ಸಲ. ಆಗಸ್ಟಿನಿಂದ ನಿನ್ನ ಕೈ ಬರಹಕ್ಕೆ ಕಾದು ಕೂತಿದ್ದ ನನಗೆ ಸಿಕ್ಕಿದ್ದು ಇದೊಂದೇ, ಇದರಲ್ಲಿ ಇರುವುದು ಇಷ್ಟೇ: ಮೇಜರನಿಗೆ ಊಟ, ಮೇಜರನಿಗೆ ವೈನು, ನಿನಗೆ ಹಸಿವಿಲ್ಲ.

ಮದಾಂನ ಹೆಸರು ಹೇಳಿದ್ದೀಯ, ಅವರ ವೈನು ಬಡಿಸುವುದಕ್ಕೆ. ಅವರು ಎಲ್ಲಿ? ಹಿಡಿದುಕೊಂಡು ಹೋದರೇ? ಅದನ್ನು ಬರೆಯಲು ಒಂದು ಸಾಲು ಸಿಗಲಿಲ್ಲವೇ? ಅವರ ಮೇಜಿನ ಮೇಲೆ, ಅವರ ತಟ್ಟೆಯಲ್ಲಿ, ಊರು ಸುಟ್ಟವರಿಗೆ ಬಡಿಸಿ "ನಗಬೇಡ" ಎನ್ನುತ್ತೀಯಲ್ಲ, ನಿನಗೆ ಹೇಗೆ ಮನಸ್ಸು ಬಂತೇ? ಯಾಕೆ ಹೊರಡುವುದಿಲ್ಲವೆಂದು ನನಗೆ ಗೊತ್ತಿದೆಯಂತೆ. ಹೌದು, ಗೊತ್ತಾಯಿತು. ಗೋದಾಮು ಲೂಟಿ ಮಾಡಿದ ಅಕ್ಕಿ ಮೂಟೆಯಲ್ಲಿ ಬರುತ್ತದಲ್ಲ.

ನಿನ್ನ ತಮ್ಮ ಹರ್ಬರ್ಟ್ ಮಂಗಳೂರಿನಿಂದ ಫೋನು ಮಾಡಿ ಅತ್ತ. ಅವನಿಗೆ ಏನು ಹೇಳಲಿ? ನಿಮ್ಮಕ್ಕ ಚೆನ್ನಾಗಿ ಉಂಡುಕೊಂಡಿದ್ದಾಳೆ ಎಂದೇ?

ನಾವು ಇಲ್ಲಿ ಕ್ಷೇಮ. ಇವರು ಆರಾಮವಾಗಿದ್ದಾರೆ. ನಿಧಿಯನ್ನು ಶಾಲೆಗೆ ಸೇರಿಸಿದೆವು. ನಮ್ಮ ಚಿಂತೆ ನಿನಗೆ ಬೇಡ. ನನ್ನ ಚಿಕ್ಕಪ್ಪನ ಮಗ ವಿಮಾನ ಕಂಪನಿಯಲ್ಲಿದ್ದಾನೆ, ಅವನ ಕೈಯಲ್ಲಿ ಇದನ್ನು ಅಮ್ಮಾನಿಗೆ ಕಳಿಸುತ್ತಿದ್ದೇನೆ. ತಲುಪಲಿ ಎಂದೇ ಬರೆದಿದ್ದೇನೆ.

ತಾಮ್ರದ ಪಾತ್ರೆಯನ್ನು ನೀನೇ ಇಟ್ಟುಕೋ. ನನಗೆ ಬೇಡ.

ವೇದಾವತಿ


ಮೈಸೂರು
2 ಅಕ್ಟೋಬರ್ 1990

ಮೊಲ್ಲಿ, ಮೊಲ್ಲಿ,

ರಾಜಗೋಪಾಲರು ನಿನ್ನೆ ಬಂದರು. ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆ ಹಾಕಿ ಕೂರಿಸಿದ್ದರಂತೆ. ಆಮೇಲೆ ಬೇಧಿ ಹಿಡಿದು ಅಮ್ಮಾನಿನ ಆಸ್ಪತ್ರೆ, ಆಮೇಲೆ ಬೊಂಬಾಯಿಯ ಆಸ್ಪತ್ರೆ. ಕಡ್ಡಿಯಾಗಿದ್ದಾರೆ ಪಾಪ. ಅಂಗಿಯ ಒಳಜೇಬಿನಿಂದ ನಿನ್ನ ಆಗಸ್ಟ್ ಹತ್ತೊಂಬತ್ತರ ಕಾಗದ ತೆಗೆದುಕೊಟ್ಟರು. ಅವರಿಗೆ ಕಾಫಿ ಕೊಡುವುದನ್ನೂ ಮರೆತು ನಿಂತಲ್ಲೇ ಓದಿದೆ. ಮಧ್ಯಾಹ್ನದ ಅಂಚೆಯಲ್ಲಿ ಮೊಂತಿ ಹಬ್ಬದ ಕಾಗದವೂ ಬಂತು. ನನ್ನ ಹನ್ನೆರಡರ ಕಾಗದವನ್ನು ಈಗ ಆಕಾಶದಿಂದ ಹಿಡಿದು ಹರಿಯುವ ಹಾಗಿದ್ದರೆ! ತಲುಪಿದ್ದರೆ ಒಲೆಗೆ ಹಾಕು. ಮುಖಾಮುಖಿ ಸಿಕ್ಕಾಗ ನೀನು ಬೈಯುವಷ್ಟು ಬೈ, ನಾನು ತಲೆ ತಗ್ಗಿಸಿ ಕೇಳುತ್ತೇನೆ. ಜೀವಮಾನದಲ್ಲಿ ಅದೊಂದೇ ಸಲ ಕೇಳುವುದು, ನೆನಪಿಟ್ಟುಕೋ.

ಇವರು ಆರಾಮವಾಗಿದ್ದಾರೆ ಎಂದು ಬರೆದಿದ್ದೆ. ಇಲ್ಲ ಕಣೇ. ಕೆಲಸ ಹೋಯಿತು, ಮಾತು ಹೋಯಿತು. ದಿನಾ ಅದೇ ಜಪ: ಮನೆ ಹಾಗೇ ಇದೆ, ಪುಸ್ತಕಗಳು ಹಾಗೇ ಇವೆ, ವೀಣೆ ಹಾಗೇ ಇದೆ, ಎಲ್ಲ ಸರಿಹೋದ ಮೇಲೆ ವಾಪಸು ಹೋಗಿ ಬೀಗ ತೆಗೆದರೆ ಸಾಕು. ಅದರ ಮೇಲೆಯೇ ಬದುಕಿದ್ದಾರೆ.

ಆದರೂ ನಿನ್ನೆ ಸಂಜೆ ಇಬ್ಬರೂ ಕೂತು ಮಾತಾಡಿದೆವು. ಅವರೇ ಹೇಳಿದ್ದು ಇದು, ನಾನಲ್ಲ. ಎಂದಾದರೂ ಮದಾಂ ಆ ಮೇಜರನ ಕಣ್ಣಿಗೆ ಬಿದ್ದರೆ, ಅವರನ್ನು ಅಡಗಿಸಿಟ್ಟಿದ್ದು ನಮ್ಮ ಮಹಡಿಯಲ್ಲಿ ಎಂದುಬಿಡು. ಅವರಿಗೆ ಕೀ ಕೊಟ್ಟು ಹೋದದ್ದು ಬ್ಯಾಂಕಿನ ಲಕ್ಷ್ಮೀನರಸಿಂಹ, ನಿನಗೆ ಏನೂ ಗೊತ್ತಿಲ್ಲ. ನಮ್ಮ ಕುತ್ತಿಗೆ ಮೈಸೂರಿನಲ್ಲಿದೆ, ಹಗ್ಗ ಇಷ್ಟು ದೂರ ಎಳೆಯಲಾರರು. ಮನೆ ಸುಡಬಹುದು. ಸುಡಲಿ. ಸರ ಸರ ಹೇಳಿಬಿಟ್ಟೆನಲ್ಲ, ಇವರು ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದಾರೆ.

ನಿನ್ನ ವೇದಾ


ರುಮೈಥಿಯಾ
9 ಅಕ್ಟೋಬರ್ 1990

ಶ್ರೀಮತಿ ವೇದಾವತಿಯವರಿಗೆ,

ನಿಮ್ಮ ಸೆಪ್ಟೆಂಬರ್ ಹನ್ನೆರಡರ ಕಾಗದ ಉಮ್ಮರಬ್ಬ ತಂದುಕೊಟ್ಟ. ಮರಳಲ್ಲಿ ಇಷ್ಟು ದೂರ ಬಂದ ಕಾಗದ, ಒಳಗೆ ಬರೀ ಮೆಣಸಿನ ಪುಡಿ. ಅದೇನು ಮೆಣಸಿನ ಬರಗಾಲ ಇರುವ ಮನೆಯೇ ಇದು?

ನನ್ನ ಮೊದಲ ಕಾಗದ ನಿಮಗೆ ಸಿಕ್ಕಲಿಲ್ಲ ಎಂದು ಓದುವಾಗಲೇ ಗೊತ್ತಾಯಿತು. ಅದರಲ್ಲಿದ್ದುದನ್ನು ಪುನಃ ಬರೆಯುವುದಿಲ್ಲ. ಸಿಟ್ಟು ಬಂದಿದೆ ನನಗೆ. ಸಿಕ್ಕದಿದ್ದರೇನಂತೆ? ಎದುರುಬದುರು ಮನೆಯಲ್ಲಿ ಆರು ವರ್ಷ ಬದುಕಿದ್ದೇವೆ. ನಿಧಿಗೆ ಟೈಫಾಯಿಡ್ ಆದಾಗ ನಾನು ಅವಳ ತಲೆಗೆ ಒದ್ದೆ ಬಟ್ಟೆ ಹಾಕಿ ಕೂತವಳು. ಒಂದು ಕಾಗದ ದಾರಿ ತಪ್ಪಿದ್ದಕ್ಕೆ ನಾನು ಮೂಟೆ ಅಕ್ಕಿಗೆ ಬಾಯಿ ಬಿಟ್ಟವಳಾದೆನೋ? ನಾನು ಹೇಗಿರುವ ಹೆಂಗಸು ಎಂದು ತಿಳಿಯಲಿಕ್ಕೆ ನಿಮಗೆ ಕಾಗದವೇ ಬೇಕಾಯಿತೋ?

ಅಂದುಕೊಳ್ಳಿ, ಏನು ಬೇಕಾದರೂ. ಇಲ್ಲಿ ನಾನು ನಾಳೆಗೆ ಮೀನು ಎಲ್ಲಿಂದ ತರುವುದು ಎಂದು ಯೋಚಿಸುವವಳು. ಒಣ ಬಂಗುಡೆ ಮುಗಿದಿದೆ. ಈಗ ಡಬ್ಬದ ಸಾರ್ಡೀನಿನಲ್ಲಿ ಕೆಲಸ ಸಾಗುತ್ತಿದೆ, ಅದರ ಎಣ್ಣೆ ಇನ್ನೂ ಒಳ್ಳೆಯದು, ಮೇಜರ್ ವೈನಿನ ಹೆಸರೆತ್ತದೆ ವಾರವಾಯಿತು. ಇವತ್ತು ಉಮ್ಮರಬ್ಬ ಕೈ ಮುಗಿದು ಹೇಳಿದ, "ಅಕ್ಕ, ಇದು ಖಲಾಸ್, ಅಮ್ಮಾನಿನಿಂದ ಊರಿಗೆ ಹೋಗುವ ವಿಮಾನ ನಿಲ್ಲುತ್ತದೆ, ಇನ್ನೊಂದೇ ಟ್ರಿಪ್ ನನ್ನದು. ಸೀಟು ಇಟ್ಟಿದ್ದೇನೆ, ಬನ್ನಿ." ನಾನು ಆ ಸೀಟಿಗೆ ಕೊಡಿಯಾಲಬೈಲಿನ ಒಬ್ಬ ಗರ್ಭಿಣಿಯನ್ನು ಹತ್ತಿಸಲು ಹೇಳಿದೆ. ಹರ್ಬರ್ಟನಿಗೆ ತಿಳಿಸಿ: ಅಕ್ಕ ಬರುವುದಿಲ್ಲ, ಅಕ್ಕನಿಗೆ ಕೆಲಸ ಉಂಟು.

ಪಾತ್ರೆ ತೊಳೆದು ಹೊಳೆಯುವಂತೆ ಇಟ್ಟಿದ್ದೇನೆ. ಇಟ್ಟುಕೊಳ್ಳುವುದೂ ಇಲ್ಲ.

ಮೊಲ್ಲಿ


ಮೈಸೂರು
18 ಜನವರಿ 1991

ಮೊಲ್ಲಿ,

ಅಕ್ಟೋಬರಿನ ಆ ಕಾಗದದ ನಂತರ ನಿನ್ನಿಂದ ಒಂದಕ್ಷರ ಇಲ್ಲ. ಇದು ನಿನಗೆ ಬರೆದ ಎಷ್ಟನೆಯದೋ. ಎಲ್ಲಿ ಹಾಕಲಿ ಇದನ್ನು? ಅಂಚೆ ಕಚೇರಿಯವನು ಕುವೈತ್ ಎಂಬ ಹೆಸರು ನೋಡಿದೊಡನೆ ತಲೆಯಾಡಿಸಿ ವಾಪಸು ಕೊಡುತ್ತಾನೆ.

ಫ್ರೆಂಚರನ್ನೆಲ್ಲ ಬಿಟ್ಟರು ಎಂದು ಅಕ್ಟೋಬರ್ ಕೊನೆಗೇ ಪೇಪರಿನಲ್ಲಿ ಓದಿದೆ. ಕುಣಿದಾಡಿದೆ. ಆಮೇಲೆ ಇವರು ಮೆಲ್ಲಗೆ, "ಮದಾಂಗೆ ಬಿಡುಗಡೆ ಸರಿ, ಮೊಲ್ಲಿಗೆ?" ಎಂದರು. ಅವತ್ತಿನಿಂದ ಊಟ ಸೇರುತ್ತಿಲ್ಲ. ಮದಾಂ ಹೊರಗೆ ಕಾಲಿಟ್ಟ ಕ್ಷಣವೇ ಯಾರು ಇಟ್ಟುಕೊಂಡಿದ್ದರು ಎಂದು ಕೇಳುತ್ತಾರಲ್ಲ. ನನ್ನ ಕಾಗದ ನಿನಗೆ ಸಿಕ್ಕಿತೇ? ನಮ್ಮ ಹೆಸರು ಹೇಳಿದೆಯಾ?

ನಿನ್ನೆಯಿಂದ ಬಾಂಬು ಬೀಳುತ್ತಿದೆ. ರೇಡಿಯೋ ಆಫ್ ಮಾಡಲು ಇವರು ಬಿಡುತ್ತಿಲ್ಲ. ಬದುಕಿರು ಮಾರಾಯ್ತಿ. ನಿನ್ನ ಮಾತೇ ಬಂತು ನೋಡು ನನ್ನ ಬಾಯಿಗೆ.

ವೇದಾ


ರುಮೈಥಿಯಾ
20 ಮಾರ್ಚ್ 1991

ವೇದಾ,

ಬದುಕಿದ್ದೇನೆ. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಚ್ಚಿ ಬರೆಯುತ್ತಿದ್ದೇನೆ. ಇರಾಕಿಗಳು ಓಡಿಹೋಗುವಾಗ ಬೆಂಕಿ ಹಚ್ಚಿದ ಎಣ್ಣೆಬಾವಿಗಳ ಹೊಗೆ ಸೂರ್ಯನನ್ನು ನುಂಗಿಬಿಟ್ಟಿದೆ, ಒಗೆದು ಹಾಕಿದ ಬಟ್ಟೆ ಮಸಿಯಾಗಿ ಬರುತ್ತದೆ. ಒಬ್ಬ ಪತ್ರಕರ್ತ ದುಬೈಯಲ್ಲಿ ಅಂಚೆಗೆ ಹಾಕುತ್ತೇನೆ ಎಂದಿದ್ದಾನೆ.

ನಿನ್ನ ಅಕ್ಟೋಬರ್ ಎರಡರ ಕಾಗದ ಉಮ್ಮರಬ್ಬ ಕೊನೆಯ ಟ್ರಿಪ್ಪಿನಿಂದ ಬರುವಾಗ ತಂದ. ಓದಿ ಸಿರ್ದಾಬಿನಲ್ಲಿ ಕೂತು ಅತ್ತೆ. ಮದಾಂ ಏನೆಂದು ಕೇಳಿದರು, ಪೂರ್ತಿ ಓದಿ ಅರ್ಥ ಹೇಳಿದೆ. ಆ ಕಾಗದ ಬಾರದಿದ್ದರೆ ಮದಾಂ ಇವತ್ತೂ ಕೆಳಗೇ ಇರುತ್ತಿದ್ದರು. ಫ್ರೆಂಚರಿಗೆ ಬಿಡುಗಡೆ ಎಂದು ರೇಡಿಯೋ ಹೇಳಿದಾಗ ಅವರು ಕೈಕಟ್ಟಿ ಕೂತುಬಿಟ್ಟರು. "ನಾನು ಮೆಟ್ಟಿಲು ಹತ್ತಿದರೆ ನೀನು ಗಲ್ಲುಗಂಬ ಹತ್ತುತ್ತೀ. ಹೋಗುವುದಿಲ್ಲ." ಎರಡು ತಿಂಗಳಿಗೂ ಮಿಕ್ಕಿ ನಾನು ಮೀನು ಬೇಯಿಸಿದ್ದು ಈ ಮಾತು ಕೇಳಲಿಕ್ಕೋ ಎಂದು ನಾನೂ ಕೂಗಾಡಿದೆ. ಕೊನೆಗೆ ನಿನ್ನ ಮಾತಿನ ಮೇಲೆ ಒಪ್ಪಿದರು. ಅಧಿಕಾರಿಗಳು ಹೊರಗೆ ಹೋದಾಗ ಅವರನ್ನು ಕೈಹಿಡಿದು ನಿಮ್ಮ ಮಹಡಿಗೆ ಕರೆದೊಯ್ದೆ. ಸಂಜೆ ಅವರು ಲಿಪ್‌ಸ್ಟಿಕ್ ಹಚ್ಚಿ, ಕೈಚೀಲ ಹಿಡಿದು, ನಿಮ್ಮ ಮನೆಯ ಮೆಟ್ಟಿಲಿಳಿದು ಬೀದಿ ದಾಟಿ, ತಮ್ಮ ಮನೆಯ ಎದುರು ಬಾಗಿಲಲ್ಲೇ ಒಳಗೆ ಬಂದರು. ಮೇಜರ್ ಊಟಕ್ಕೆ ಕೂತಿದ್ದ. "ಅದು ನನ್ನ ಗಂಡನ ಕುರ್ಚಿ," ಎಂದರು. ಅವನು ಎದ್ದು ನಿಂತ, ವೇದಾ! ಬೆಳಿಗ್ಗೆ ಉಳಿದ ಫ್ರೆಂಚರ ಜೊತೆ ಬಾಗ್ದಾದಿನ ಬಸ್ಸು ಹತ್ತಿದರು. ಹತ್ತುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಬಸ್ಸು ಹೋದ ಮೇಲೆ ಮೇಜರ್, ಮದಾಂ ಅಡಗಿದ್ದು ಅಲ್ಲೇ ಎಂದು ನಂಬಿ, ಇಬ್ಬರು ಸೈನಿಕರನ್ನು ಪೆಟ್ರೋಲ್ ಡಬ್ಬ ಕೊಟ್ಟು ನಿಮ್ಮ ಮನೆಗೆ ಕಳಿಸಿದ.

ನೀನು ಸುಡಲಿ ಎಂದಿದ್ದೆ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಿಮ್ಮ ಯಜಮಾನರು ದಿನಾ ಆ ಬೀಗ ತೆಗೆಯುವ ಜಪ ಮಾಡುತ್ತಾರೆ ಎಂದೂ ನೀನೇ ಬರೆದಿದ್ದೆಯಲ್ಲ. ಇನ್ನೂ ಒಂದು ಉಂಟು, ಹೇಳಿಬಿಡುತ್ತೇನೆ. ನಾನು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಹೆಸರು ಹಾಕುವುದು ನನಗೆ ಸಹಿಸಲಾಗಲಿಲ್ಲ. ಹೋಗಿ ನಿಮ್ಮ ಮೆಟ್ಟಿಲ ಮೇಲೆ ಕೂತೆ. "ಈ ಮನೆಯವರಿಗೆ ಏನೂ ಗೊತ್ತಿಲ್ಲ. ಮದಾಂನನ್ನು ಇಟ್ಟುಕೊಂಡದ್ದು ನಾನು. ನಿಮ್ಮ ಕಾಲ ಕೆಳಗೇ," ಎಂದೆ.

ಮೇಜರ್ ನನ್ನನ್ನು ಎಳೆದುಕೊಂಡು ಬಂದು ಊಟದ ಮೇಜಿನ ಎದುರು ನಿಲ್ಲಿಸಿದ. ಕೆಳಗಿಳಿದು ಕಪಾಟಿನ ಹಿಂದೆ ನೋಡಿ ಬಂದ. ಕೈಯಲ್ಲಿ ಒಂದು ಬಾಟಲಿ ಇತ್ತು. ತಾನೇ ಬಿಚ್ಚಿ, ಏನೂ ತಿನ್ನದೆ ಬರೀ ಬಾಯಿಯಲ್ಲಿ ಕುಡಿದು ನೋಡಿದ. "ಮೀನು," ಎಂದ. "ಹೌದು, ಮೀನು," ಎಂದೆ. "ಎಲ್ಲವೂ?" "ಮರಿಯಂ ಹಬ್ಬದ ದಿನ ಒಂದು ಬಿಟ್ಟು ಎಲ್ಲವೂ." ಪಿಸ್ತೂಲು ಮೇಜಿನ ಮೇಲೆ, ತಟ್ಟೆಯ ಪಕ್ಕದಲ್ಲೇ ಇತ್ತು. ನಾನು ಅದನ್ನು ನೋಡಿದೆ, ಅವನೂ ನೋಡಿದ.

ಅವನು ನನ್ನನ್ನು ಯಾಕೆ ಬಿಟ್ಟ ಎಂದು ಇವತ್ತಿಗೂ ಗೊತ್ತಿಲ್ಲ. ಒಳ್ಳೆಯವನು ಎಂದು ಬರೆಯಲಾರೆ, ನಮ್ಮ ಬೀದಿಯಲ್ಲಿ ಅವನ ಜನ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನವೆಂಬರಿನಲ್ಲಿ ಅವನನ್ನು ಬೇರೆಡೆಗೆ ಹಾಕಿದರು. ಹೋಗುವಾಗ ಕಪಾಟಿನ ವೈನು ಪೂರ್ತಿ ಲಾರಿಗೆ ತುಂಬಿಸಿಕೊಂಡ. ನಿಮ್ಮ ಮನೆಯ ಫ್ರಿಜ್ಜು, ಟಿವಿ ಫೆಬ್ರವರಿಯಲ್ಲಿ ಬೇರೆಯವರು ಹೊತ್ತುಕೊಂಡು ಹೋದರು. ಗೋಡೆ, ಪುಸ್ತಕ, ವೀಣೆ ಉಂಟು. ಯಜಮಾನರಿಗೆ ಹೇಳು. ಮದಾಂ ಕಾವೋರಿನಿಂದ ಯಾರೋ ಫ್ರೆಂಚ್ ಸೈನಿಕನ ಕೈಯಲ್ಲಿ ಚೀಟಿ ಕಳಿಸಿದ್ದಾರೆ, ಮಂಡಿಗೆ ಬೈದಿದ್ದಾರೆ, ಅಂದರೆ ಚೆನ್ನಾಗಿದ್ದಾರೆ.

ಆದರೆ ಆ ದಿನದ ಕೊನೆಯ ಮಾತು ನಿನಗೆ ಹೇಳಲೇಬೇಕು. ಅವನು ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದ, "ಹಾಗಾದರೆ ಇದರ ಜೊತೆ ಸರಿಯಾಗಿ ಏನು ತಿನ್ನಬೇಕು?" ಬಾತುಕೋಳಿ, ಕುರಿ, ಬೀನ್ಸ್ ಕಾಳು ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ.

"ನಿಮ್ಮ ಮನೆಗೆ ಹೋಗಿ ಸರ್," ಎಂದೆ. "ಅಲ್ಲಿ ನಿಮ್ಮ ಹೆಂಡತಿ ಏನು ಬಡಿಸಿದರೂ ಇದು ಹೊಂದುತ್ತದೆ. ಇನ್ನೊಬ್ಬರ ಮನೆಯಲ್ಲಿ ಕೂತು ಕುಡಿದರೆ ಯಾವುದರ ಜೊತೆಯೂ ಹೊಂದುವುದಿಲ್ಲ."

ಅವನು ಗ್ಲಾಸು ಕೆಳಗಿಟ್ಟ. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ನಿನ್ನ ಮೊಲ್ಲಿ